ಓಗೊಡುವ ಯಂತ್ರ

ಟ್ರಾನ್ಸ್‌ಪಾಂಡರ್ ಎಂಬುದು ಕಳುಹಿಸುವ ಮತ್ತು ಓಗೊಡುವ ಎರಡು ಕಾರ್ಯಗಳ ಹೆಸರುಗಳನ್ನು ಬೆಸೆದು ಕಟ್ಟಿದ ಪದ. ಇದನ್ನು ಪ್ರತಿಧ್ವನಿಗೆ ಹೋಲಿಸುವವರುಂಟು. ಆ ಹೋಲಿಕೆ ಸಲ್ಲದು. ಪ್ರತಿಧ್ವನಿ ಕ್ಷೀಣಿಸಿ ಮರಳುತ್ತದೆ. ಉಪಗ್ರಹದೊಳಗಿನ ಈ ಯಂತ್ರವಾದರೋ ನೆಲದಿಂದ ಬಂದ ಕ್ಷೀಣ ಸಂಕೇತವನ್ನು ಗ್ರಹಿಸಿ, ಆವರ್ತನವನ್ನು ಬದಲಿಸಿ, ಬಲಪಡಿಸಿ ಕೆಳಗಿಳಿಸುತ್ತದೆ. ಏರುವ, ಇಳಿಯುವ ಅಲೆಗಳೆರಡೂ ಒಂದೇ ಆವರ್ತನದವಾದರೆ ಅದು ತನ್ನ ಗರ್ಜನೆಗೆ ತಾನೇ ಕಿವುಡಾದೀತು.

ಗೊರೇಬಾಳವಿರುವ ರಾಯಚೂರು ಜಿಲ್ಲೆಗೆ ಇದರ ಪರಿಚಯ ಹಳೆಯದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎ.ಟಿ.ಎಸ್.-6 ಉಪಗ್ರಹವು ಸುಮಾರು 36,000 ಕಿ.ಮೀ. ಎತ್ತರದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ದೂರದರ್ಶನವನ್ನು ಇಳಿಸಿತು. ಈ ಜಿಲ್ಲೆಯ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಕೃಷಿ, ಆರೋಗ್ಯದ ಮಾತು. ತಂತಿಬಲೆಯ ಹತ್ತಡಿಯ ತಟ್ಟೆಯೊಂದು ಇದಕ್ಕೆ ಸಾಕಾಯಿತು! ಅವಧಿ ತೀರುತ್ತಲೇ ಎರವಲು ಬಂದ ಉಪಗ್ರಹ ಸರಿದುಹೋಯಿತು.

ಅದಕ್ಕಿಂತ ದೊಡ್ಡ ಕೊರತೆ ಬೇರೆ. ರೇಡಾರ್ ಕೇಳಿದೊಡನೆ ವಿಮಾನದ ಟ್ರಾನ್ಸ್‌ಪಾಂಡರ್ ತನ್ನ ಗುರುತನ್ನೂ ಎತ್ತರವನ್ನೂ ತಿಳಿಸುತ್ತದೆ. ಹಳ್ಳಿಯ ಪೆಟ್ಟಿಗೆಗಾದರೋ ಕೇಳಿಸುವುದಷ್ಟೇ ಗೊತ್ತಿತ್ತು. ರೈತನ ಸಂದೇಹವನ್ನು, ಬಾಲಕನ ಪ್ರಶ್ನೆಯನ್ನು ಅದೇ ದಾರಿಯಲ್ಲಿ ಮೇಲೇರಿಸುವ ಸಾಧನವಿರಲಿಲ್ಲ. ಓಗೊಡುವಿಕೆ ಯಂತ್ರದ ಹೆಸರಿನಲ್ಲಿತ್ತು, ವ್ಯವಸ್ಥೆಯಲ್ಲಿರಲಿಲ್ಲ. ಇಂದು ಶಾಲೆಗಳಿಗೆ ಆಕಾಶಮಾರ್ಗದಿಂದ ಪಾಠವಿಳಿಸುವವರು, ಮಕ್ಕಳ ಪ್ರಶ್ನೆ ಏರುವ ದಾರಿಯನ್ನು ಮೊದಲು ಕಟ್ಟಲಿ.