ಗಾಂಧಿ ಕ್ಲಾಸಿನಿಂದ: ಚಿಗವ್ವನ ಟಿವಿ, ಕೇಬಲ್ ಅಣ್ಣನ ಲೆಕ್ಕ

ಹೋದ ವಾರ ನಿಮ್ಮ ಮೆಚ್ಚಿನ ನಾಯಕನ ಹೊಸ ಚಿತ್ರಕ್ಕೆ "ಎರಡನೇ ಅರ್ಧ ನಿದ್ದೆ" ಅಂತ ಬರೆದದ್ದಕ್ಕೆ ನನ್ನ ವಂಶವನ್ನೆಲ್ಲ ಹರಸಿ ಪತ್ರ ಬರೆದವರಿಗೆ ಶರಣು! ಉತ್ತರ ಮುಂದಿನ ವಾರ. ಈ ವಾರ ತಾರೆಯರ ಸುದ್ದಿ ಇಲ್ಲ, ರೊಕ್ಕದ ಸುದ್ದಿ. ಪುಟ ತಿರುಗಿಸಬೇಡಿ. ನಿಮ್ಮ ಮನೆಯ ಟಿವಿಯೊಳಗಿಂದಲೇ ನಿಮ್ಮ ಜೇಬಿಗೆ ಕೈ ಹಾಕುವ ಕಥೆ ಇದು.

ಜುಲೈ ತಿಂಗಳ ಮಳೆ. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಖಾನಾಪುರದ ಬಸ್ಸು ಹಿಡಿದು, ಅರ್ಧ ನೆನೆದು, ಚಿಗವ್ವನ ಮನೆ ಸೇರಿದೆ. ಮಲಪ್ರಭಾ ಹೊಳೆ ತುಂಬಿ ಹರಿಯುವ ಸಪ್ಪಳ ಓಣಿಯ ತನಕ ಕೇಳುತ್ತಿತ್ತು. ಕಾಕಾ ತೀರಿಕೊಂಡ ಮೇಲೆ ಚಿಗವ್ವ ಒಬ್ಬಳೇ. ಅವಳಿಗೆ ಮಾತಾಡುವ ಜೊತೆಗಾರ ಅಂದರೆ ಟಿವಿ. ಮುಂಜಾನೆ ದೇವರ ಹಾಡು, ಮಧ್ಯಾಹ್ನ ಹಳೇ ಕನ್ನಡ ಚಿತ್ರ, ಸಂಜೆ ಬಾಜೂ ಮನೆಯ ಮಾವಶಿಯ ಜೊತೆ ಒಂದು ಮರಾಠಿ ಧಾರಾವಾಹಿ, ರಾತ್ರಿ ಕನ್ನಡ ಧಾರಾವಾಹಿ. 1972ರ 'ಬಂಗಾರದ ಮನುಷ್ಯ' ಬಂದರೆ ಒಲೆಯ ಮೇಲಿನ ಸಾರು ಸೀದರೂ ಏಳುವವಳಲ್ಲ.

ಆ ದಿನ ಟಿವಿ ಬಂದಾಗಿತ್ತು. "ಯಾಕ ಚಿಗವ್ವಾ?" ಅಂದೆ.

"ಕೇಬಲ್ ರೊಕ್ಕ ಮುಗದೈತಿ ತಮ್ಮಾ. 450 ರೂಪಾಯಿ. ನಾಳೆ ಬರ್ತಾನ ಅವ. ಬಿ.ಪಿ. ಗುಳಿಗಿ ಮುಂದಿನ ವಾರ ತಗೊಂಡ್ರಾತು ಬಿಡು."

ಗುಳಿಗೆ ಬಿಟ್ಟು ಕೇಬಲ್! ಎದೆಗೆ ಗುದ್ದಿದಂತಾಯಿತು. ಪರದೆಯ ಮೇಲೆ ಇಂಥ ದೃಶ್ಯ ಬಂದರೆ ನಾವು ಅಳುತ್ತೇವೆ, ಮನೆಯಲ್ಲಿ ಬಂದರೆ "ಹೂಂ" ಅಂದು ಸುಮ್ಮನಾಗುತ್ತೇವೆ. ನಾನು ಸುಮ್ಮನಾಗಲಿಲ್ಲ. ಅಲ್ಲಿ ಇಲ್ಲಿ ಬರೆಯುವವನ ಜೇಬಿನಲ್ಲಿ ಗುಳಿಗೆಯ ರೊಕ್ಕವಾದರೂ ಇತ್ತು, ಅದನ್ನು ಕೊಟ್ಟೆ. ಆದರೆ ಮುಂದಿನ ತಿಂಗಳು?

ಕಾಗದ ಪೆನ್ನು ಹಿಡಿದು ಕುಳಿತೆ. ಅವಳಿಗೆ ಕೊಟ್ಟಿದ್ದು "ದೊಡ್ಡ ಪ್ಯಾಕ್". ಗಡಿಯ ಊರಲ್ಲವೇ, ಕನ್ನಡದ್ದೂ ಬೇಕು, ಮರಾಠಿಯದ್ದೂ ಬೇಕು ಅಂತ ಎರಡೂ ಪ್ಯಾಕು ತುಂಬಿ, ಮೇಲೆ ಹಿಂದಿ, ಮೇಲೆ ಕ್ರಿಕೆಟ್ಟು, ಮೇಲೆ ಇಂಗ್ಲಿಷ್ ಸಿನಿಮಾ. ಇಂಗ್ಲಿಷ್ ಸಿನಿಮಾ ಚಿಗವ್ವನಿಗೆ! ಒಂದು ಮನೆ, ಎರಡು ಭಾಷೆ, ಅದಕ್ಕೇ ಎರಡು ಬಿಲ್ಲು. ಖಾನಾಪುರ, ನಿಪ್ಪಾಣಿ ಕಡೆ ಹೀಗೆ ಕೊಡುತ್ತಿರುವ ಮನೆ ಎಷ್ಟೋ.

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು, ಆಕಳಿಸಬೇಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ತಂದ ಹೊಸ ದರಪದ್ಧತಿ 2019ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಅಂದಿನಿಂದ ಪ್ರತಿ ಪೇ ಚಾನೆಲ್ಲಿಗೆ ಅದರದೇ ಬೆಲೆ ಉಂಟು, ಬೇಕಾದದ್ದನ್ನು ಬಿಡಿಬಿಡಿಯಾಗಿ ಕೇಳುವ ಹಕ್ಕು ನಿಮಗುಂಟು. "ಪ್ಯಾಕ್ ತಗೊಂಡ್ರ ತಗೋ, ಇಲ್ಲಾಂದ್ರ ಇಲ್ಲ" ಅನ್ನುವಂತಿಲ್ಲ. ಪ್ಯಾಕಿನೊಳಗೆ ಸೇರುವ ಚಾನೆಲ್ಲಿನ ಬಿಡಿ ಬೆಲೆ 19 ರೂಪಾಯಿ ದಾಟಬಾರದು; ನಡುವೆ ಅದನ್ನು 12ಕ್ಕೆ ಇಳಿಸುವ ಮಾತಾಗಿತ್ತು, 2022ರ ನವೆಂಬರಿನಲ್ಲಿ ಮತ್ತೆ 19ಕ್ಕೇ ನಿಂತಿತು. ಇದರ ಮೇಲೆ ತಂತಿಯ ಬಾಡಿಗೆ, ನೆಟ್‌ವರ್ಕ್ ಶುಲ್ಕ. ಅದಕ್ಕೆ ಮೊದಲು 130 ರೂಪಾಯಿಯ ಮಿತಿ ಇತ್ತು. ಇವೆಲ್ಲಕ್ಕೂ ಶೇಕಡಾ 18 ಜಿಎಸ್‌ಟಿ.

"ಇತ್ತು" ಅಂದೆ, ಗಮನಿಸಿದಿರಾ? 2024ರ ಜುಲೈನಲ್ಲಿ ಟ್ರಾಯ್ ಆ ಮಿತಿ ತೆಗೆದುಹಾಕಿತು. ಈಗ ನೆಟ್‌ವರ್ಕ್ ಶುಲ್ಕ ಎಷ್ಟೆಂದು ಕಂಪನಿಯವರೇ ಇಡಬಹುದು, ಊರಿಗೊಂದು ದರ ಇಡಬಹುದು. ಮೊದಲು ಕಾನೂನಿನ ಕಾಗದ ತೋರಿಸಿ ಜಗಳ ಮಾಡಬಹುದಿತ್ತು. ಈಗ ಖಡೇಬಜಾರದಲ್ಲಿ ಶರ್ಟಿಗೆ ಚೌಕಾಸಿ ಮಾಡಿದ ಹಾಗೆ ಮಾಡಬೇಕು, ಅಷ್ಟೇ.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಲೆಕ್ಕದ ಮೇಷ್ಟ್ರು ಯಾಕೆ ಬಿಡಿಸಿದರೆಂದು ಅವತ್ತು ಗೊತ್ತಾಯಿತು! ಚಿಗವ್ವ ಎಂದಾದರೊಮ್ಮೆ ನೋಡಿದ ಚಾನೆಲ್ಲನ್ನೆಲ್ಲ ಬಿಡಿಯಾಗಿ ಬರೆದೆ. 14 ಆಯಿತು. ಒಂದಕ್ಕೆ 19ರಂತೆ 266, ನೆಟ್‌ವರ್ಕಿಗೆ 130, ಕೂಡಿದರೆ 396, ತೆರಿಗೆ ಸೇರಿ 467 ರೂಪಾಯಿ 28 ಪೈಸೆ. ಪ್ಯಾಕಿಗಿಂತ ಹೆಚ್ಚು! ಚಿಗವ್ವ ನಕ್ಕಳು. "ಶ್ಯಾಣ್ಯಾ ಅದೀ ನೀ," ಅಂದಳು. ಬಿಡಿ ಅಂದ ಕೂಡಲೇ ಸೋವಿ ಅಂತಲ್ಲ ಮಿತ್ರರೇ. ಒಂದೇ ಕಂಪನಿಯ ಏಳೆಂಟು ಚಾನೆಲ್ ದಿನಾ ನೋಡುವ ಮನೆಗೆ ಪ್ಯಾಕೇ ಲಾಭ. ಪ್ಯಾಕಿನ ಮೇಲೆ ಶೇಕಡಾ 45ರವರೆಗೆ ರಿಯಾಯಿತಿ ಕೊಡಲು 2024ರಲ್ಲಿ ಒಪ್ಪಿಗೆ ಆಗಿದೆ. ಅದಕ್ಕೇ "ಯಾವುದು ಇರಲಿ" ಅಂತ ಕೇಳಬಾರದು. "ಯಾವುದು ಇಲ್ಲದಿದ್ದರೆ ಅಳು ಬರುತ್ತೆ" ಅಂತ ಕೇಳಬೇಕು.

ಹಾಗೆ ಕೇಳಿದೆ. ನಾಲ್ಕು ಉಳಿದವು. ಎರಡು ಕನ್ನಡ, ಒಂದು ಮರಾಠಿ, ಒಂದು ಕನ್ನಡ ಸಿನಿಮಾದ್ದು. ದೂರದರ್ಶನದ ಚಂದನ ಹೇಗೂ ಪುಕ್ಕಟೆ. 76 ಮತ್ತು 130, ಒಟ್ಟು 206, ತೆರಿಗೆ ಸೇರಿ 243 ರೂಪಾಯಿ 8 ಪೈಸೆ.

ಮರುದಿನ ಕೇಬಲ್ ಅಣ್ಣ ಬಂದ. ಛತ್ರಿಯಿಲ್ಲ, ತಲೆಗೆ ಪ್ಲಾಸ್ಟಿಕ್ ಚೀಲ, ಹೆಗಲಿಗೆ ವೈರಿನ ಸುರುಳಿ. ಖಳನಾಯಕನ ಪ್ರವೇಶ ಅಂತ ಕಾದಿದ್ದೆ. ಬಂದವನು ನಮ್ಮ ಹಾಗೇ ಒಬ್ಬ ಬಡಪಾಯಿ.

"ಅಣ್ಣಾರ, ಮೊದಲ ಚಹಾ ಕುಡೀರಿ," ಅಂದೆ. ಇದು ಚೌಕಾಸಿಯ ಮೊದಲ ಪಾಠ. ಚಹಾ ಕುಡಿದವನ ದನಿ ಎರಡು ಮೆಟ್ಟಿಲು ಇಳಿಯುತ್ತೆ. ಆಮೇಲೆ ಪಟ್ಟಿ ತೋರಿಸಿದೆ. "ಇಷ್ಟ ಸಾಕ್ರಿ. 243."

"ಹಂಗ ಬರಂಗಿಲ್ರಿ. ಎಲ್ಲಾರಿಗೂ ಒಂದ ಪ್ಯಾಕ್ ಐತಿ."

"ಬಿಡಿ ಚಾನೆಲ್ ಕೇಳಿದ್ರ ಕೊಡಬೇಕಂತ ಐತಲ್ರಿ. ನಿಮ್ಮ 999 ನಂಬರಿನ ಚಾನೆಲ್ಲಿನ್ಯಾಗ ಗ್ರಾಹಕರ ಮಾಹಿತಿ ಹಾಕೂದು ಅದಕ್ಕ ಹೌದಲ್ಲೊ?"

ಅವನು ಚಿಗವ್ವನ ಕಡೆ ನೋಡಿದ. "ಅವ್ವಾರ, ನಿಮ್ಮ ಹುಡುಗ ವಕೀಲ ಏನ್ರಿ?"

"ಸಿನಿಮಾದ ಬಗ್ಗೆ ಬರೀತಾನ," ಅಂದಳು ಅವಳು, ಸ್ವಲ್ಪ ನಾಚಿಕೆಯಿಂದಲೇ.

ಆಮೇಲೆ ಅವನು ತನ್ನ ಲೆಕ್ಕ ಬಿಚ್ಚಿದ. ಇದನ್ನು ಬರೆಯದಿದ್ದರೆ ಅನ್ಯಾಯವಾದೀತು. ನಾವು ಕೊಟ್ಟ ರೊಕ್ಕವೆಲ್ಲ ಅವನದಲ್ಲ. ಚಾನೆಲ್ಲಿನ ಪಾಲು ಚಾನೆಲ್ಲಿನವರಿಗೆ. ನೆಟ್‌ವರ್ಕ್ ಶುಲ್ಕದಲ್ಲಿ, ಬೇರೆ ಒಪ್ಪಂದ ಆಗದಿದ್ದರೆ, ಮೇಲಿನ ದೊಡ್ಡ ಕೇಬಲ್ ಕಂಪನಿಗೆ ಶೇಕಡಾ 55, ಓಣಿಯ ಕೇಬಲ್‌ನವನಿಗೆ 45 ಅಂತ 2017ರ ನಿಯಮ. 130ರಲ್ಲಿ 58 ರೂಪಾಯಿ 50 ಪೈಸೆ! ಅದರಲ್ಲೇ ಮಳೆಗೆ ಮರ ಬಿದ್ದು ಹರಿದ ತಂತಿ ಜೋಡಿಸಬೇಕು, ಹುಡುಗನ ಪಗಾರ ಕೊಡಬೇಕು. ಓಣಿಯ ತರುಣರೆಲ್ಲ ಮೊಬೈಲಿನಲ್ಲೇ ಸಿನಿಮಾ ನೋಡಿ ಕೇಬಲ್ ಬಿಟ್ಟಿದ್ದಾರೆ. (ಓದುತ್ತಿರುವ ನೀವೇ ಸ್ವಾಮೀ, ಆಚೆ ಈಚೆ ನೋಡಬೇಡಿ.) ಮೇಲಿನವರ ಜಗಳವೂ ಅವನ ತಲೆಗೇ: 2023ರ ಫೆಬ್ರವರಿಯಲ್ಲಿ ಹೊಸ ದರಕ್ಕೆ ಸಹಿ ಹಾಕದ ಕೇಬಲ್ ಕಂಪನಿಗಳಿಗೆ ದೊಡ್ಡ ಚಾನೆಲ್ಲಿನವರು ಸಿಗ್ನಲ್ಲೇ ನಿಲ್ಲಿಸಿದ್ದರಲ್ಲ, ಆಗ ಬೈಸಿಕೊಂಡದ್ದು ಯಾರು? ವೈರು ಹೊತ್ತವನೇ!

ಮಾತು 340ಕ್ಕೆ ಬಂತು. ನಾನು 250 ಅಂದೆ. 300 ಅಂದ. ಚಿಗವ್ವ ನಡುವೆ ಬಾಯಿ ಹಾಕಿ, "ತಮ್ಮಾ, ಹನ್ನೆರಡ ವರ್ಷ ಆತು, ಒಂದ ತಿಂಗಳರೆ ರೊಕ್ಕ ತಪ್ಪಿಸೇನೇನು?" ಅಂದಳು. ನನ್ನ ಟ್ರಾಯ್ ಮಾಡದ ಕೆಲಸ ಆ ಮಾತು ಮಾಡಿತು. 280ಕ್ಕೆ ಮುಗಿಯಿತು, ಪಾವತಿ ಸಹಿತ. ತಿಂಗಳಿಗೆ 170 ಉಳಿತಾಯ, ವರ್ಷಕ್ಕೆ 2040.

ಪಾವತಿ ಕೇಳಲು ಮರೆಯಬೇಡಿ. ಕಾಗದ ಇಲ್ಲದ ಚೌಕಾಸಿ ಮುಂದಿನ ತಿಂಗಳಿಗೇ ಮರೆತುಹೋಗುತ್ತೆ.

ಛತ್ರಿ ಆಂಟೆನಾದವರ ಕಥೆ ಬೇರೆ. ಅಲ್ಲಿ ಚಹಾ ಕುಡಿಯುವ ಮನುಷ್ಯನೇ ಇಲ್ಲ, ಬರೀ ಫೋನು. ಶಹಾಪುರದಲ್ಲಿ ಮಗ್ಗದ ಮನೆಯ ನನ್ನ ಗೆಳೆಯನೊಬ್ಬ ಮಾಡಿದ್ದು ಕೇಳಿ. ರೀಚಾರ್ಜ್ ಮುಗಿದರೂ ಒಂದು ವಾರ ಸುಮ್ಮನಿದ್ದ. ಹೆಂಡತಿ ಮಾತು ಬಿಟ್ಟಳು, ಅವ್ವ ಊಟ ಬಿಟ್ಟಳು, ಅವನು ಹಟ ಬಿಡಲಿಲ್ಲ. ಎಂಟನೇ ದಿನ ಕಂಪನಿಯಿಂದಲೇ ಫೋನು: "ಸರ್, ಯಾಕೆ ಬಂದ್ ಮಾಡಿದ್ರಿ?" "ದುಬಾರಿ ಆತ್ರಿ, ತೆಗಸ್ತೀನಿ," ಅಂದ. ಸಿಟ್ಟಿಲ್ಲ, ಬೈಗುಳಿಲ್ಲ, ಅಷ್ಟೇ ಮಾತು. ಆರು ತಿಂಗಳ ರೊಕ್ಕ ಒಮ್ಮೆಲೇ ಕಟ್ಟಿದರೆ ಒಂದು ತಿಂಗಳು ಪುಕ್ಕಟೆ ಅಂದರು. ದೀರ್ಘಾವಧಿಗೆ ಹೀಗೆ ರಿಯಾಯಿತಿ ಕೊಡಲು 2020ರಿಂದಲೇ ದಾರಿ ಇದೆ. ಕೇಳದವರಿಗೆ ಯಾರೂ ಹೇಳುವುದಿಲ್ಲ. ಸುಳ್ಳು ಬೆದರಿಕೆ ಮಾತ್ರ ಬೇಡ. "ಆಯ್ತು ಸರ್, ತೆಗೀತೀವಿ" ಅಂದುಬಿಟ್ಟರೆ? ನಿಜವಾಗಿ ಬಿಡಲು ತಯಾರಿದ್ದರೆ ಮಾತ್ರ ಆ ಡೈಲಾಗು ಹೊಡೆಯಿರಿ.

ಸುಗ್ಗಿಗೋ ದುಡಿಮೆಗೋ ಗೋವಾ ಕಡೆ ಹೋಗಿ ಮನೆಗೆ ಬೀಗ ಹಾಕುವವರು ಇನ್ನೊಂದು ತಿಳಿದಿರಲಿ. ಒಂದು ತಿಂಗಳು ಅಥವಾ ಹೆಚ್ಚು ಊರಲ್ಲಿರದಿದ್ದರೆ ಮೊದಲೇ ತಿಳಿಸಿ ಸೇವೆ ತಾತ್ಕಾಲಿಕವಾಗಿ ನಿಲ್ಲಿಸಬಹುದು. ಯಾರ ಮಾತೂ ನಡೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಬೇಡ, ತಿಂಗಳ ಬಾಡಿಗೆಯೇ ಬೇಡ ಅಂದರೆ 2004ರಲ್ಲಿ ಶುರುವಾದ ದೂರದರ್ಶನದ ಫ್ರೀ ಡಿಶ್ ಇದೆ, ಒಮ್ಮೆ ಡಬ್ಬಿ ಕೊಂಡರೆ ಮುಗಿಯಿತು. ಚಿಗವ್ವನಿಗೆ ಹೇಳಿ ನೋಡಿದೆ. "ನನ್ನ ಧಾರಾವಾಹಿ ಅದರಾಗ ಬರತೈತೇನು?" ಅಂದಳು. ಮಾತು ಅಲ್ಲಿಗೇ ನಿಂತಿತು.

ಮೊನ್ನೆ ಫೋನ್ ಮಾಡಿದ್ದಳು. ಗುಳಿಗೆ ತಂದಿದ್ದಾಳೆ. ಬಾಜೂ ಮನೆಯ ಮಾವಶಿ ತನ್ನ ಬಿಲ್ಲೂ ತಂದಿಟ್ಟಿದ್ದಾಳಂತೆ, ಅದು 480. ಕೇಬಲ್ ಅಣ್ಣ ಓಣಿಯಲ್ಲಿ ಸಿಕ್ಕಾಗಲೆಲ್ಲ "ನಿಮ್ಮ ವಕೀಲ ಯಾವಾಗ ಬರ್ತಾನ್ರಿ?" ಅಂತ ಕೇಳುತ್ತಾನಂತೆ. ಬರುವ ರವಿವಾರ ಮತ್ತೆ ಖಾನಾಪುರದ ಬಸ್ಸು.