ಚೆಂಡು ಒಂದೇ, ಚಹಾದ ಬಟ್ಟಲು ಬೇರೆ

ಆಟದಲ್ಲಿ ಜಾತಿ-ಧರ್ಮ ಇಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇತಿಹಾಸ ಹಾಗೆ ಹೇಳುವುದಿಲ್ಲ.

ಅಮೆರಿಕದಲ್ಲಿ ಕಪ್ಪು ಜನರನ್ನು ಬೇಸ್‌ಬಾಲ್‌ನ ದೊಡ್ಡ ಲೀಗ್‌ಗಳಿಗೆ ಸೇರಿಸುತ್ತಿರಲಿಲ್ಲ. ಅದಕ್ಕೇ ರೂಬ್ ಫಾಸ್ಟರ್ 1920ರಲ್ಲಿ ಕಪ್ಪು ಆಟಗಾರರದೇ ಲೀಗ್ ಕಟ್ಟಿದರು. ಜಾಕಿ ರಾಬಿನ್‌ಸನ್ ಆ ಗೋಡೆ ದಾಟಿ ದೊಡ್ಡ ಲೀಗ್‌ನಲ್ಲಿ ಆಡಿದ್ದು 1947ರಲ್ಲಿ.

ಇಂಥ ಗೋಡೆ ನಮ್ಮಲ್ಲೂ ಇತ್ತು. ಪಾಲ್ವಣಕರ ಬಾಲೂ 1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದವರು. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಚಮ್ಮಾರ ಸಮಾಜದವರು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ ಮಾಡುತ್ತ, ಅಲ್ಲಿನ ಬ್ಯಾಟ್ಸ್‌ಮನ್‌ಗಳಿಗೆ ಬೌಲಿಂಗ್ ಮಾಡಿ ಎಡಗೈ ಸ್ಪಿನ್ ಪಳಗಿಸಿಕೊಂಡರು. ಗೆಲ್ಲಲು ಬೇಕೆಂದು ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಬಾಲೂ ಹೊರಗೆ, ಕೈಯಲ್ಲಿ ಮಣ್ಣಿನ ಬಟ್ಟಲು.

1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 114 ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಸಿಗಲಿಲ್ಲ. 1920ರಲ್ಲಿ ಅವರ ತಮ್ಮಂದಿರಾದ ಶಿವರಾಮ, ವಿಠ್ಠಲ ಈ ಅನ್ಯಾಯ ಪ್ರತಿಭಟಿಸಿ ತಂಡದಿಂದ ಹೊರಬಂದರು. 1923ರಲ್ಲಿ ವಿಠ್ಠಲ ನಾಯಕರಾದರು. ಆ ವರ್ಷ ತಂಡ ಗೆದ್ದಿತು. ಪ್ರತಿಭೆಯ ಜೊತೆ ಪ್ರತಿಭಟನೆಯೂ ಬೇಕಾಯಿತು.

ಆಗ ಮುಂಬಯಿಯ ದೊಡ್ಡ ಟೂರ್ನಿಯಲ್ಲಿ ತಂಡಗಳೇ ಧರ್ಮದ ಮೇಲೆ ಇದ್ದವು: ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್. 1940ರಲ್ಲಿ ಗಾಂಧೀಜಿ ಇದು ಬೇಡವೆಂದರು. 1946ರಲ್ಲಿ ಅದು ನಿಂತಿತು.

ನಿಂತಿತೇ? ಇಂದಿಗೂ ಸಮಾಜದ ಹೆಸರಿನ ಟ್ರೋಫಿಗಳ ಬ್ಯಾನರ್ ಅಲ್ಲಲ್ಲಿ ಕಾಣುತ್ತವೆ. ಅಮೆರಿಕದ ಕಪ್ಪು ಆಟಗಾರರು ಬೇರೆ ಲೀಗ್ ಕಟ್ಟಿದ್ದು ಬಾಗಿಲು ಮುಚ್ಚಿದ್ದರಿಂದ. ನಮಗೆ ಬಾಗಿಲು ತೆರೆದಿದೆ. ಆದರೂ ನಾವೇ ಬೇರೆ ಬೇರೆ ಕೂತರೆ ತಪ್ಪು ಯಾರದು?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ನಮ್ಮ ಕಾಲೇಜಿನ ಕ್ರೀಡಾಕೂಟದಲ್ಲಿ ಓಣಿ, ಊರು, ಸಮಾಜ ನೋಡಿ ತಂಡ ಕಟ್ಟುವುದು ಬೇಡ. ಚೀಟಿ ಎತ್ತಿ ಕಟ್ಟೋಣ. ನಾಯಕನನ್ನು ಆಟ ನೋಡಿ ಆರಿಸೋಣ. ಸುತ್ತಲಿನ ಕಾಲೇಜುಗಳ ಗೆಳೆಯರನ್ನೂ ಕರೆಯೋಣ. ಆಟ ಮುಗಿದ ಮೇಲೆ ಒಂದೇ ಸಾಲಿನಲ್ಲಿ ಕೂತು ಚಹಾ ಕುಡಿಯೋಣ. ತಂಡದಲ್ಲಿ ಜಾಗ ಕೊಡುವುದು ಅರ್ಧ ಸಮಾನತೆ. ಉಳಿದರ್ಧ ಪಂಕ್ತಿಯಲ್ಲಿದೆ, ನಾಯಕತ್ವದಲ್ಲಿದೆ. ದೈಹಿಕ ಶಿಕ್ಷಣದ ಗುರುಗಳು ಇದನ್ನು ಈ ವರ್ಷವೇ ಮಾಡಿ ನೋಡಬೇಕೆಂದು ವಿನಂತಿ.