ಆಯ್ಕೆಯ ಸ್ವಾತಂತ್ರ್ಯ ಸೋಮಾರಿತನವಲ್ಲ

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮುಕ್ತ ಪಠ್ಯಕ್ರಮ ಸೋಮಾರಿಗಳಿಗೆ ಹೇಳಿ ಮಾಡಿಸಿದ್ದು ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಒಪ್ಪಲಾರೆ. 1969ರಲ್ಲಿ ಅಧ್ಯಾಪಕರು ಅದನ್ನು ಅಂಗೀಕರಿಸುವ ಮುನ್ನ ಐರಾ ಮ್ಯಾಗಜಿನರ್, ಎಲಿಯಟ್ ಮ್ಯಾಕ್ಸ್‌ವೆಲ್ ಎಂಬ ವಿದ್ಯಾರ್ಥಿಗಳು ಸುಮಾರು 400 ಪುಟಗಳ ವರದಿಯನ್ನೇ ಬರೆದಿದ್ದರು. ಸೋಮಾರಿಗಳು ಮಾಡುವ ಕೆಲಸವೇ ಅದು?

ಎಲ್ಲರಿಗೂ ಕಡ್ಡಾಯವಾದ ಸಾಮಾನ್ಯ ವಿಷಯಗಳಿಲ್ಲ, ನಿಜ. ಆದರೆ ಪದವಿಗೆ 30 ಕೋರ್ಸು ಮುಗಿಸಬೇಕು, ಒಂದು ವಿಷಯದಲ್ಲಿ ಆಳಕ್ಕಿಳಿಯಬೇಕು, ಬರವಣಿಗೆಯ ಸಾಮರ್ಥ್ಯ ತೋರಿಸಬೇಕು. ಲೇಖಕರು ಇದನ್ನು ಹೇಳಲೇ ಇಲ್ಲ.

ಫೇಲಾದ ಕೋರ್ಸು ಹೊರಗೆ ಕೊಡುವ ಅಂಕಪಟ್ಟಿಯಲ್ಲಿ ಕಾಣಿಸದು ಎಂಬುದೇ ಅವರ ದೊಡ್ಡ ಆಕ್ಷೇಪ. ನನ್ನ ಪಾಲಿಗೆ ಅದೇ ಈ ವ್ಯವಸ್ಥೆಯ ಜೀವಾಳ. ಇತಿಹಾಸ ಓದುವ ಹುಡುಗಿ ಹೆದರದೆ ಭೌತಶಾಸ್ತ್ರದ ತರಗತಿಗೆ ಕಾಲಿಡಲು ಅಷ್ಟು ಧೈರ್ಯ ಬೇಕು. ಪಾಸಾಗದ ಕೋರ್ಸು ಆ 30ರ ಲೆಕ್ಕಕ್ಕೆ ಸೇರುವುದೂ ಇಲ್ಲ. ಅವಳು ಮತ್ತೊಂದನ್ನು ಓದಲೇಬೇಕು.